ರೆಕ್ಕೆಯವಳು ಎದ್ದು ಬಂದ ವಾರ

ತಿಂಥಣಿಯ ಮೌನೇಶ್ವರನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳೆಂದು ಮೌನಮ್ಮ ಅಂತ ಹೆಸರಿಟ್ಟರು, ಸರಿ. ಆದರೆ ದೋರನಹಳ್ಳಿಯ ಹತ್ತಿ ಹೊಲಗಳಲ್ಲಿ ಅವಳ ಬಾಯಿ ಸುಮ್ಮನಿದ್ದದ್ದನ್ನು ನೋಡಿದವರುಂಟೇ? ಅವಳ ಜೊತೆ ಹತ್ತಿ ಬಿಡಿಸುವ ಹೆಂಗಸರಲ್ಲಿ ಒಂದು ರೂಢಿಯಿತ್ತು. ಕಥೆ ಹೇಳುವವಳ ಕೈ ನಿಧಾನವಾಗುತ್ತದೆಂದು ಅಕ್ಕಪಕ್ಕದ ಸಾಲಿನವರು ಆಗಾಗ ಒಂದು ಹಿಡಿ ಹತ್ತಿಯನ್ನು ಅವಳ ಉಡಿಗೆ ಹಾಕುತ್ತಿದ್ದರು. ಹೀಗಾಗಿ ಮೌನಮ್ಮನ ಉಡಿ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು.

ಈ ಹಂಗಾಮಿನ ಕಥೆ ಟಿ.ವಿ.ಯದು. ಹಿಂದಿಯಿಂದ ಕನ್ನಡಕ್ಕೆ ಬಂದ ದೇವದೂತರ ಧಾರಾವಾಹಿ. ಅದರಲ್ಲಿ ಒಬ್ಬ ದೇವದೂತೆ, ಹೆಂಗಸರ ಬಾಯಲ್ಲಿ ‘ರೆಕ್ಕಿಯಾಕಿ’, ತನ್ನವರೆಲ್ಲ ನಿಂತು ನೋಡುತ್ತಿರುವಾಗಲೇ ಬೆಂದು ಬೂದಿಯಾಗಿದ್ದಳು. ತಿಂಗಳುಗಟ್ಟಲೆ ಸುದ್ದಿಯಿಲ್ಲ. ಈಗ ನೋಡಿದರೆ ಅದೇ ರೆಕ್ಕೆ, ಅದೇ ನಗು ಹೊತ್ತು ತನ್ನವರ ಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಹೇಗೆ ಎದ್ದು ಬಂದಳು? ಹೊಲಕ್ಕೆ ಹೊಲವೇ ತಲೆ ಕೆಡಿಸಿಕೊಂಡಿತು.

“ದೇವ್ರು ಮತ್ತ ಜೀವಾ ಕೊಟ್ಟಾನ,” ಎಂದಳು ತಿಮ್ಮವ್ವ.

“ಎಲ್ಲೀ ಜೀವಾ? ಆ ನಟಿಗಿ ಹೆರಿಗಿ ಇತ್ತಂತ. ಅದಕ್ಕ ಸಾಯಿಸಿದ್ರು, ಕೂಸು ಆದಮ್ಯಾಲೆ ಎಬ್ಬಿಸ್ಯಾರ,” ಎಂದಳು ಅರ್ಜುಮಂದ. ಅವಳ ಗಂಡ ಮೆಹಬೂಬ, ಗೋಗಿ-ಶಹಾಪುರದ ಕಡೆ ಆಟೋ ಹೊಡೆಯುತ್ತಿದ್ದ. ಜಗತ್ತಿನ ಸುದ್ದಿಯೆಲ್ಲ ಮೊದಲು ಅವಳ ಮನೆಗೇ ಬರುತ್ತಿತ್ತು.

ಮೌನಮ್ಮ ಎರಡನ್ನೂ ಒಪ್ಪಲಿಲ್ಲ. “ಈಕಿ ಆಕಿ ಅಲ್ಲ. ಆಕಿ ಮೈಯಾಗ ಯಾವ್ದೋ ಪಿಶಾಚಿ ಸೇರೈತಿ, ನೋಡ್ತಿರ್ರಿ ಬೇಕಾದ್ರ. ಸತ್ತಾಕಿ ಸತ್ತಂಗ.”

ಅವಳ ಹಟ ನೋಡಿ ಹೆಂಗಸರು ನಕ್ಕರು. ಹಟದ ಕಾರಣ ಗೊತ್ತಿದ್ದರೂ ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳು ಉಮಾ ಗೋಗಿಯ ಬುದ್ಧಪ್ರಿಯ ಎಂಬ ಮಾಸ್ತರನನ್ನು ಮೆಚ್ಚಿ ಮದುವೆಯಾದಾಗ, ಜಾತಿ ಬೇರೆಯೆಂದು ಗಂಡ ವೆಂಕಪ್ಪ ಅಂಗಳದಲ್ಲಿ ಕೂತು, ಮಗಳು ಸತ್ತಳೆಂದು ತಲೆಗೆ ನೀರು ಹೊಯ್ದುಕೊಂಡಿದ್ದ. ಕೊಡ ತುಂಬಿ ತಂದುಕೊಟ್ಟವಳು ಮೌನಮ್ಮನೇ. ಸತ್ತವರು ಇದ್ದ ಹಾಗೇ ಎದ್ದು ಬರಬಹುದೆಂದು ಒಪ್ಪಿದರೆ ಗಂಡನೆದುರು ಮಗಳ ಮಾತು ತೆಗೆಯಬೇಕಾಗುತ್ತದಲ್ಲ! ಹೊಲದಲ್ಲಿ ಹುಲಿಯಾದವಳು ಅದೊಂದು ಮಾತಿಗೆ ಮನೆಯಲ್ಲಿ ಇಲಿ.

ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಅರ್ಜುಮಂದ ಪಕ್ಕಕ್ಕೆ ಬಂದು ಕೂತಳು.

“ಅಕ್ಕಾ, ನಿನ್ನೆ ನಮ್ಮನಿಯವ್ರ ಆಟೋದಾಗ ನಿಮ್ಮ ಉಮಾ ಕುಂತಿದ್ಳಂತ. ಹೆಣ್ಣ ಕೂಸು ಆಗೈತಿ. ‘ಅಪ್ಪ ಹ್ಞೂಂ ಅಂದ್ರ ಕೂಸಿನ ತೋರಿಸಾಕ ಬರ್ತೀನಿ, ಕೇಳಂತ ಹೇಳ್ರಿ ಅವ್ವಗ’ ಅಂದಾಳ.”

ಮೌನಮ್ಮನ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು. ಆಮೇಲೆ ಅವಳು ತುಟಿ ಬಿಚ್ಚಲಿಲ್ಲ. ಕಥೆ ಹೇಳದವಳ ಉಡಿಗೆ ಹತ್ತಿ ಹಾಕುವ ರೂಢಿಯಿಲ್ಲ. ಆದರೂ ಸಂಜೆಯವರೆಗೆ ಅರ್ಜುಮಂದ ಒಂದು ಹಿಡಿ, ತಿಮ್ಮವ್ವ ಒಂದು ಹಿಡಿ ಹಾಕುತ್ತಲೇ ಹೋದರು.

ಭಾನುವಾರ ಮಧ್ಯಾಹ್ನ ಧಾರಾವಾಹಿ ಮತ್ತೊಮ್ಮೆ ಬರುತ್ತದೆ. ವೆಂಕಪ್ಪ ಎಂದಿನಂತೆ ಗೋಡೆಗೆ ಮುಖ ಮಾಡಿ ಹೊರಸಿನ ಮೇಲೆ ಮಲಗಿದ್ದ. ಹುಚ್ಚರ ಆಟ ಅಂತ ಅದನ್ನು ಬೈಯುತ್ತಿದ್ದ ಮಹಾರಾಯ. ನಿದ್ದೆ ಮಾತ್ರ ಅದು ಮುಗಿದ ಮೇಲೆಯೇ ಬರುತ್ತಿತ್ತು. ಮಾತು ಹೇಗೆ ತೆಗೆಯಲೆಂದು ಮೌನಮ್ಮ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಗೋಡೆಯ ಕಡೆಯಿಂದಲೇ ದನಿ ಬಂತು.

“ಆಕಿಗಿ ಹಳೇದೆಲ್ಲಾ ನೆನಪೈತೇನು?”

“ಯಾಕ್ರಿ?”

“ನೆನಪಿದ್ರ ಆ ಮನಿಗಿ ಯಾಕ ಬರ್ತಾಳ? ಸುಡೋ ಹೊತ್ತಿನ್ಯಾಗ ಒಬ್ರೂ ಬಿಡಿಸ್ಲಿಲ್ಲ. ಎಲ್ಲಾರೂ ನಿಂತು ನೋಡಿದ್ರು.”

ಇಷ್ಟು ವರ್ಷ ಅವನನ್ನು ಕಲ್ಲೆಂದುಕೊಂಡಿದ್ದಳು. ಈ ಮನುಷ್ಯ ಹೆದರಿಕೊಂಡು ಮಲಗಿದ್ದಾನೆಂದು ಈಗ ತಿಳಿಯಿತು.

“ಎಲ್ಲಾ ನೆನಪೈತಿ,” ಎಂದಳು. “ನೆನಪಿಟ್ಕೊಂಡೇ ಬಂದಾಳ. ಪಿಶಾಚಿ ಅಂತ ಹೊಲದಾಗ ನಾ ಸುಳ್ಳ ಹೇಳ್ತಿದ್ದೆ. ಉಮಾ ಕೇಳಿ ಕಳಿಸ್ಯಾಳ್ರಿ. ಕೂಸಿನ ಕರ್ಕೊಂಡು ಬರ್ಲೇನಂತ.”

ವೆಂಕಪ್ಪ ಹೊರಳಲಿಲ್ಲ. ಧಾರಾವಾಹಿ ಮುಗಿದು ಜಾಹೀರಾತುಗಳು ಬಂದು ಹೋದವು.

“ಮೆಹಬೂಬಗ ಹೇಳು,” ಎಂದ ಕೊನೆಗೆ. “ಕೂಸು ಇರ್ತೈತಿ, ಆಟೋ ಸಾವಕಾಶ ಹೊಡಿ ಅಂತ.”

ಎರಡು ದಿನ ಬಿಟ್ಟು ಆಟೋ ಬಂತು. ಉಮಾ ಕೂಸನ್ನು ಎದೆಗವಚಿಕೊಂಡು ಅಂಗಳದಲ್ಲೇ ನಿಂತಳು, ಹೊಸ್ತಿಲ ಹತ್ತಿರ ಬರಲಿಲ್ಲ. ಬಂದವರ ಕಾಲಿಗೆ ನೀರು ಕೊಡುವುದು ಮನೆಯ ಹೆಂಗಸಿನ ಕೆಲಸ. ಮೌನಮ್ಮ ತಂಬಿಗೆಗೆ ತಡಕಾಡಿದರೆ ಅದು ಜಾಗದಲ್ಲಿರಲಿಲ್ಲ. ವೆಂಕಪ್ಪ ಆಗಲೇ ಅದನ್ನು ತುಂಬಿಕೊಂಡು ಅಂಗಳಕ್ಕೆ ಇಳಿದಿದ್ದ.

ಅಪ್ಪನ ಕೈಯಲ್ಲಿ ನೀರು ಕಂಡು ಉಮಾ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಬಗ್ಗಿ, ತಾನೇ ಅವಳ ಪಾದಗಳ ಮೇಲೆ ನೀರು ಹಾಕಿದ. ತಲೆ ಎತ್ತಲು ಅವನಿಗೆ ಬಹಳ ಹೊತ್ತು ಹಿಡಿಯಿತು.

“ಒಳಗ ಬಾರವಾ,” ಎಂದ. “ಕೂಸಿಗಿ ಬಿಸಲ ಹತ್ತಾಕತ್ತೈತಿ.”