ಶಟರಿನ ದಮ್ಮು

ನಮ್ಮ ಕಾರು ಇರುವುದು ಅಂಗಡಿಯಲ್ಲಿ. ಕೇಳಿದವರು ನಗುತ್ತಾರೆ, ನಗಲಿ. ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ಈ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ, ಕೆಳಗೊಂದು ಅಂಗಡಿ ಇದ್ದರೆ ಬಾಡಿಗೆ ಬರುತ್ತದೆ ಎಂದು ಯಜಮಾನರು ರೋಲಿಂಗ್ ಶಟರ್ ಹಾಕಿಸಿದ್ದರು. ಒಬ್ಬರು ಬಂದು ಜೆರಾಕ್ಸ್ ಇಟ್ಟರು, ಇನ್ನೊಬ್ಬರು ಇಸ್ತ್ರಿ ಅಂಗಡಿ ಇಟ್ಟರು. ಇಬ್ಬರೂ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟಿದರು. ಆಮೇಲೆ ನಾವೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆವು, ಅದು ಅಲ್ಲಿ ಸೇರಿಕೊಂಡಿತು. ಹೊರಗೆ ನಿಲ್ಲಿಸೋಣವೆಂದರೆ ರಸ್ತೆ ಸಣ್ಣದು. ಒಂದು ಬೆಳಿಗ್ಗೆ ನೀರಿನ ಟ್ಯಾಂಕರ್ ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋದ ಮೇಲೆ ಆ ಯೋಚನೆಯನ್ನೇ ಬಿಟ್ಟೆವು.

ಆ ಕಾರನ್ನು ಓಡಿಸುತ್ತಿದ್ದವಳು ನಾನು. ಯಜಮಾನರಿಗೆ ಸ್ಕೂಟರ್ ಸಾಕು, ಕಾರಿನ ಸ್ಟೀರಿಂಗ್ ಹಿಡಿದವರೇ ಅಲ್ಲ. ನಾನು ಐವತ್ತೊಂದನೆಯ ವಯಸ್ಸಿಗೆ ಕಲಿತೆ. ಕಲಿಸಿದಾತ ಮೊದಲ ವಾರ ದೇವರನ್ನು ನೆನೆದದ್ದೇ ಹೆಚ್ಚು. ಆದರೂ ಲೈಸೆನ್ಸ್ ಬಂತು. ಅಂದಿನಿಂದ ವಾರಕ್ಕೊಮ್ಮೆ ಆನೇಕಲ್ ಮಾರುಕಟ್ಟೆಗೆ ನನ್ನ ಸವಾರಿ. ಪಕ್ಕದ ಮನೆಯ ದೊಡ್ಡಮ್ಮ ಜೊತೆಗೆ. ಅವರು ಈ ಊರಿನ ಮೂಲದವರು, ನಮ್ಮ ಮನೆ ನಿಂತಿರುವುದೂ ಒಂದು ಕಾಲದ ಅವರ ರಾಗಿ ಹೊಲದ ಮೇಲೆ. ಅಂಗಡಿ, ಮನೆಗಳ ಬಾಡಿಗೆ ಕೈತುಂಬ ಬರುತ್ತದೆ. ಬೇಕೆಂದರೆ ಕರೆದುಕೊಂಡು ಹೋಗಲು ಮನೆಯಲ್ಲಿ ಎರಡು ದೊಡ್ಡ ಕಾರುಗಳಿವೆ. ಆದರೆ ಅವರಿಗೆ ನನ್ನ ಪಕ್ಕದ ಸೀಟೇ ಆಗಬೇಕು. ಹೆಂಗಸು ಓಡಿಸುವ ಕಾರಿನಲ್ಲಿ ಮುಂದೆ ಕೂತು, ಎಲೆ ಅಡಿಕೆ ಹಾಕಿಕೊಂಡು, ದಾರಿಯಲ್ಲಿ ಪರಿಚಯದವರು ಸಿಕ್ಕರೆ ಗಾಜು ಇಳಿಸಿ ಮಾತಾಡಿಸುವುದು ಅವರ ಖುಷಿ. ನನ್ನ ಖುಷಿಯೂ ಅದೇ ಅನ್ನಿ.

ಎರಡು ವರ್ಷದ ಹಿಂದೆ ಶಟರು ಭಾರವಾಗತೊಡಗಿತು. ಶಟರು ಭಾರವಾಯಿತು ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗನ್ನಿಸಿದ್ದು ನನ್ನ ಕೈ ಸೋತಿತು ಅಂತ. ಮೊದಲು ಒಂದು ಕೈಯಲ್ಲಿ ಎತ್ತುತ್ತಿದ್ದೆ. ಆಮೇಲೆ ಎರಡು ಕೈ ಬೇಕಾಯಿತು, ಆಮೇಲೆ ಮಂಡಿ ಊರಿ ಭುಜ ಕೊಡಬೇಕಾಯಿತು. ಒಂದು ದಿನ ಮೊಣಕಾಲೆತ್ತರಕ್ಕೆ ಬಂದು ನಿಂತೇಬಿಟ್ಟಿತು. ಯಜಮಾನರನ್ನು ಕರೆದೆ. ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾವ ವಸ್ತು ಕೈಗೆ ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡಿ ತಪ್ಪು ಹಿಡಿಯುವ ಆಸಾಮಿ. ಬಂದರು, ಹಲ್ಲು ಕಚ್ಚಿ ಎತ್ತಿದರು, ಕೈ ಕೊಡವಿಕೊಂಡರು. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಬಿಡದ ದಾವಣಗೆರೆಯ ಮಾತಿನಲ್ಲಿ, "ನಿನ್ ಕೈಯಾಗೆ ದಮ್ ಇಲ್ಲ ಬಿಡು" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂವತ್ತು ವರ್ಷ ಇದೇ ಕೈಯಲ್ಲಿ ರೊಟ್ಟಿ ತಟ್ಟಿ ಹಾಕಿದ್ದೇನೆ, ಆಗ ಇದ್ದ ದಮ್ಮು ಈಗೆಲ್ಲಿ ಹೋಯಿತು ಎಂದು ಜಗಳಕ್ಕೆ ನಿಂತೆ. ಆದರೆ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು. ಡಾಕ್ಟರ ಹತ್ತಿರ ಹೋದೆ. ಈ ವಯಸ್ಸಿನ ಹೆಂಗಸರಿಗೆ ಇದು ಸಾಮಾನ್ಯ ಎಂದರು. ಎಕ್ಸ್‌ರೇ ಆಯಿತು, ಕ್ಯಾಲ್ಸಿಯಂ ಮಾತ್ರೆ ಶುರುವಾಯಿತು. ಫಿಸಿಯೋಥೆರಪಿಯಲ್ಲಿ ರಬ್ಬರಿನ ಪಟ್ಟಿ ಎಳೆಯುವ ಕೆಲಸ ಕೊಟ್ಟರು, ಎಳೆದೆ. ಭುಜಕ್ಕೆ ಹಚ್ಚಲು ಮುಲಾಮು ಕೊಟ್ಟರು. ಆ ಟ್ಯೂಬು ನಾನು ಹಚ್ಚಿದ್ದಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಗಾಳಿ ತುಂಬಿ ಮಾರುತ್ತಾರೆ ಕಳ್ಳರು ಎಂದು ಕಂಪನಿಯವರನ್ನು ಬೈದುಕೊಂಡೆ.

ಇಷ್ಟೆಲ್ಲಾ ಮಾಡಿದರೂ ಶಟರು ಏಳಲಿಲ್ಲ. "ರೀ, ಸ್ವಲ್ಪ ಎತ್ತಿಕೊಡ್ತೀರಾ" ಎಂದು ಕೇಳುವುದು ನಿತ್ಯದ ಮಾತಾಯಿತು. ಅವರು ಪೇಪರ್ ಓದಿ ಬರುತ್ತೇನೆ ಎನ್ನುವರು, ಕಾಫಿ ಆಗಲಿ ಎನ್ನುವರು, ಇವತ್ತು ಬಿಸಿಲು ಜಾಸ್ತಿ, ನಾಳೆ ಹೋಗು ಎನ್ನುವರು. ನನ್ನ ಕಾರನ್ನು ನಾನು ತೆಗೆಯಲು ಇನ್ನೊಬ್ಬರ ಮುಖ ನೋಡಬೇಕು ಅನ್ನುವುದನ್ನು ನನಗೆ ತಡೆಯಲಾಗಲಿಲ್ಲ. ಕೇಳುವುದನ್ನೇ ಕಡಿಮೆ ಮಾಡಿದೆ. ವಾರದ ಸವಾರಿ ತಿಂಗಳಿಗೊಮ್ಮೆಯಾಯಿತು, ಕೊನೆಗೆ ಮೂರು ತಿಂಗಳು ಕಾರು ಅಲುಗಾಡಲೇ ಇಲ್ಲ.

"ಮಾರಿಬಿಡಾಣು. ಸುಮ್ನೆ ನಿಂತು ಯಾಕೆ ಹಾಳಾಗ್ಬೇಕು" ಎಂದರು ಯಜಮಾನರು ಒಂದು ಸಂಜೆ. ನಾನು ಹೂಂ ಎಂದೆ. ಅಂದದ್ದೇನೋ ಅಂದೆ, ಅಡುಗೆಮನೆಗೆ ಹೋಗಿ ಅತ್ತೆ. ಅಷ್ಟು ತಡವಾಗಿ ಕಲಿತ ವಿದ್ಯೆ, ಇಷ್ಟು ಬೇಗ ಮುಗಿಯಿತಲ್ಲ ಎಂದು ಸಂಕಟವಾಯಿತು.

ಭಾನುವಾರ ಬೆಳಿಗ್ಗೆ ಒಬ್ಬರು ಕಾರು ನೋಡಲು ಬರುವುದೆಂದಾಯಿತು. ಕಂಡವರ ಮುಂದೆ ಧೂಳು ಹಿಡಿದ ಕಾರು ಬೇಡವೆಂದು ಶನಿವಾರ ತೊಳೆಯಲು ಹೊರಟೆವು. ಶಟರು ಜಪ್ಪಯ್ಯ ಅನ್ನಲಿಲ್ಲ. ಇಬ್ಬರೂ ಸೇರಿ ಎತ್ತಿದೆವು. ಗೇಣುದ್ದ ಮೇಲೆದ್ದು ದಡಾರನೆ ಬಿತ್ತು. ಸದ್ದಿಗೆ ದೊಡ್ಡಮ್ಮ ಪೊರಕೆ ಹಿಡಿದುಕೊಂಡೇ ಬಂದರು.

"ಇಬ್ರು ಸೇರಿದ್ರೂ ಏಳ್ಲಿಲ್ಲ ಅಂದ್ರೆ ಅದು ಕೈ ತಪ್ಪಲ್ಲ ಕಣವ್ವಾ. ಸ್ಪ್ರಿಂಗ್ ಓಗೈತೆ. ನಮ್ಮ ಅಂಗಡಿಗಳ್ದೂ ಇದೇ ಗೋಳು" ಎಂದರು.

"ಮೊದ್ಲೇ ಹೇಳೋದಲ್ವಾ ದೊಡ್ಡಮ್ಮ?"

"ನೀನು ಕೈನೋವು ಅಂದೆ. ಶಟರ್ ನೋವು ಅಂದ್ಯಾ?"

ಅವರೇ ಫೋನ್ ಮಾಡಿ ಶಟರ್ ರಿಪೇರಿಯವನನ್ನು ಕರೆಸಿದರು. ಆನೇಕಲ್ ಕಡೆಯವನು, ನಲವತ್ತರ ಆಸುಪಾಸಿನವನು. ಏಣಿ ಹತ್ತಿ, ಶಟರು ಸುತ್ತಿಕೊಳ್ಳುವ ಮೇಲಿನ ಡಬ್ಬಿಯ ತಗಡು ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದ.

"ಅಕ್ಕಾ, ಇದ್ರಲ್ಲಿ ದಮ್ಮೇ ಇಲ್ಲ" ಎಂದ.

ನನ್ನ ಕಿವಿ ನೆಟ್ಟಗಾಯಿತು. "ಯಾವುದ್ರಲ್ಲಿ? ಇನ್ನೊಂದ್ಸಲ ಹೇಳಪ್ಪ, ಸ್ವಲ್ಪ ಜೋರಾಗಿ."

"ಸ್ಪ್ರಿಂಗಲ್ಲಿ ಅಕ್ಕ. ಒಂದು ತುಂಡಾಗೈತೆ, ಇನ್ನೊಂದು ಸುಸ್ತಾಗೈತೆ. ಇಷ್ಟು ದಿನ ಎಂಗೆ ಎತ್ತಿದ್ರಿ ಇದನ್ನ? ಎಂಬತ್ತು ಕೆಜಿ ಮೇಲೆ ಐತೆ ಈ ಶಟರು. ಭಾರ ಹೊರೋದು ಸ್ಪ್ರಿಂಗು, ಕೈ ಸುಮ್ನೆ ದಾರಿ ತೋರ್ಸೋದು ಅಷ್ಟೇ."

ಎರಡು ವರ್ಷದ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ಯಜಮಾನರ ಕಡೆ ತಿರುಗಿದೆ. ಮೂವತ್ತು ವರ್ಷ ಊರಿನ ತಪ್ಪೆಲ್ಲ ಹಿಡಿದವರಿಗೆ ಮನೆಯ ಬಾಗಿಲಿನದು ಕಾಣಲಿಲ್ಲವೇ ಎಂದು ಕೇಳುವವಳಿದ್ದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನನಗೂ ಆಗ್ತಿರ್ಲಿಲ್ಲ" ಎಂದರು. "ಒಂದು ವರ್ಷದ ಮೇಲಾತು. ನಿನ್ನ ಕೈಗೆ ದಮ್ ಇಲ್ಲ ಅಂದುಬಿಟ್ಟಿದ್ದೆ, ಆಮೇಲೆ ನನಗೂ ಆಗಲ್ಲ ಅಂತ ಹೆಂಗೆ ಹೇಳ್ಲಿ? ಎತ್ತಿದ ದಿನ ಭುಜ ಹಿಡ್ಕೊಂಡು ಮಲಗ್ತಿದ್ದೆ. ಅದ್ಕೇ ಕಾರು ಮಾರಾಣು ಅಂದಿದ್ದು."

ಮುಲಾಮಿನ ಟ್ಯೂಬು ಯಾಕೆ ಬೇಗ ಖಾಲಿಯಾಗುತ್ತಿತ್ತು ಎಂದು ಆಗ ಗೊತ್ತಾಯಿತು. ಒಂದೇ ಮನೆಯಲ್ಲಿ, ಒಂದೇ ಟ್ಯೂಬಿನಿಂದ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಮುದುಕರಾಗುತ್ತಿದ್ದೆವು. ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಅವರಿಗೂ ಬಂತು.

ಎರಡು ಸ್ಪ್ರಿಂಗು, ಕೆಲಸದ ಕೂಲಿ ಎಲ್ಲಾ ಸೇರಿ ನಾಲ್ಕೂವರೆ ಸಾವಿರ ಎಂದ ರಿಪೇರಿಯವನು. ಯಜಮಾನರೊಳಗಿನ ಇನ್ಸ್‌ಪೆಕ್ಟರು ಥಟ್ಟನೆ ಎದ್ದು ಕೂತರು. "ತುಂಡಾಗಿರೋದು ಒಂದೇ ಅಲ್ಲೇನಪ್ಪಾ? ಎರಡು ಯಾಕೆ?"

"ಒಂದು ಹೊಸದು ಒಂದು ಹಳೇದು ಇದ್ರೆ ಶಟರು ಓರೆಯಾಗಿ ಏಳ್ತದೆ ಸಾರ್. ಹಳೇದು ಆರು ತಿಂಗ್ಳಿಗೆ ಕೈಕೊಡ್ತದೆ. ಆಗ ನಾನು ಮತ್ತೆ ಎಲ್ಲಾ ಬಿಚ್ಚಬೇಕು, ನೀವು ಮತ್ತೆ ಕೂಲಿ ಕೊಡ್ಬೇಕು. ಹಾಕೋದಾದ್ರೆ ಜೋಡೀನೇ ಹಾಕ್ಬೇಕು."

ಯಜಮಾನರು ಇನ್ನೂ ಚೌಕಾಸಿ ಎಳೆಯುವವರಿದ್ದರು. ನಾನು ಒಳಗೆ ಹೋಗಿ ನನ್ನ ಎಕ್ಸ್‌ರೇ, ಫಿಸಿಯೋಥೆರಪಿಯ ಫೈಲು ತಂದು ಅವರ ತೊಡೆಯ ಮೇಲಿಟ್ಟೆ. ಅದರಲ್ಲಿದ್ದ ಬಿಲ್ಲುಗಳ ದಪ್ಪ ನೋಡಿ ಜೋಡಿಗೆ ಒಪ್ಪಿದರು.

ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಬಿಗಿ ಮಾಡಿದ ಸ್ಪ್ರಿಂಗು ತಪ್ಪಿದರೆ ಕೈ ಮುರಿಯುತ್ತದೆ ಎಂದು ನಮ್ಮನ್ನೆಲ್ಲ ದೂರ ನಿಲ್ಲಿಸಿದ್ದ. ಎಲ್ಲ ಮುಗಿಸಿ, ಗ್ರೀಸ್ ಹಚ್ಚಿ, "ಎತ್ತಿ ಅಕ್ಕ" ಎಂದ. ಅಭ್ಯಾಸಬಲದಿಂದ ಮಂಡಿ ಊರಿ, ಉಸಿರು ಬಿಗಿಹಿಡಿದು, ಎರಡೂ ಕೈ ಹಾಕಿ ಎತ್ತಿದೆ. ಶಟರು ಗಡಗಡನೆ ಮೇಲೆ ಹಾರಿತು. ನಾನು ಹಿಂದಕ್ಕೆ ಬೀಳುವುದರಲ್ಲಿದ್ದೆ, ದೊಡ್ಡಮ್ಮ ಹಿಡಿದುಕೊಂಡರು. ಇಳಿಸಿ ಒಂದು ಕೈಯಲ್ಲಿ ಎತ್ತಿದೆ. ಮತ್ತೆ ಇಳಿಸಿ ಎರಡೇ ಬೆರಳಲ್ಲಿ ಎತ್ತಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ಸಾಕು ಮಾರಾಯ್ತಿ, ಮತ್ತೆ ಸ್ಪ್ರಿಂಗ್ ಹೋದೀತು" ಎಂದರು ಯಜಮಾನರು. ಕಾರು ನೋಡಲು ಬರಬೇಕಿದ್ದವರಿಗೆ ತಾವೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಮಾರುವುದಿಲ್ಲ, ಬೇಜಾರು ಮಾಡ್ಕೋಬೇಡಿ ಎಂದೆ. ನಾನು ಫೋನ್ ಇಡುವಷ್ಟರಲ್ಲಿ ದೊಡ್ಡಮ್ಮ ಪೊರಕೆ ಎಸೆದು, ಸಂತೆಯ ಚೀಲ ತರಲು ಹೋಗಿದ್ದರು.

ಪ್ರತಿ ಆಯುಧಪೂಜೆಗೆ ನಮ್ಮಲ್ಲಿ ಕಾರು, ಸ್ಕೂಟರ್, ಮಿಕ್ಸಿ, ಸ್ಪ್ಯಾನರ್, ಟಿವಿಯ ರಿಮೋಟಿನವರೆಗೆ ಎಲ್ಲಕ್ಕೂ ವಿಭೂತಿ ಬೀಳುತ್ತದೆ. ಮೇಲೆ ಕತ್ತಲಲ್ಲಿ ಕೂತು ಭಾರ ಹೊರುತ್ತಿದ್ದ ಸ್ಪ್ರಿಂಗಿನ ನೆನಪು ಮಾತ್ರ ಯಾರಿಗೂ ಇರಲಿಲ್ಲ. ಈ ಸಲ ಯಜಮಾನರು ಸ್ಟೂಲು ಹತ್ತಿ ಆ ಡಬ್ಬಿಗೆ ಮೂರು ಪಟ್ಟೆ ಎಳೆದು, ಹೂವಿಟ್ಟು ಇಳಿದರು. ತಟ್ಟೆ ಕೆಳಗಿಡಲಿಲ್ಲ. "ಕೈ ಚಾಚು" ಎಂದರು. ಚಾಚಿದೆ. ರಟ್ಟೆಯ ಮೇಲೆ ವಿಭೂತಿ ಹಚ್ಚಿ, "ಇದೊಂದು ಉಳಿದಿತ್ತು" ಎಂದರು.

ನಾನು ತಟ್ಟೆ ಇಸಿದುಕೊಂಡು ಅವರ ಬನಿಯನ್ನಿನ ತೋಳನ್ನು ಸರಿಸಿ ಬಲಭುಜಕ್ಕೆ ಮೂರು ಪಟ್ಟೆ ಎಳೆದೆ. ಹತ್ತಿರ ಬಾಗಿದಾಗ ಮೂಗಿಗೆ ಬರಿಯ ವಿಭೂತಿಯ ವಾಸನೆ ಬಂತು. ಮುಲಾಮಿನದು ಇರಲಿಲ್ಲ.