ಹ್ಞೂಂ ಅನ್ನುವ ಪಾಳಿ

ಹೋದ ತಿಂಗಳು ನಮ್ಮ ಸೊಲ್ಲಾಪುರದ ನವಿ ಪೇಠದ ಅಂಗಡಿಯಲ್ಲಿ ಒಂದು ಟವೆಲ್ ಕೊಂಡೆ. ಮನೆಗೆ ಬಂದು ಮಡಿಕೆ ಬಿಚ್ಚಿದ್ದೇ ತಡ, ಹೊಸ ಗಂಜಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಅರವತ್ತು ದಾಟಿದ, ನಿವೃತ್ತಳಾದ ಶಾಲಾ ಶಿಕ್ಷಕಿ ನಾನು, ಆ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಎಷ್ಟು ಹೊತ್ತು ಕೂತೆನೋ... ನೋಡಿದವರು ಇವಳಿಗೆ ತಲೆ ಕೆಟ್ಟಿದೆ ಅಂದಿದ್ದರೂ ತಪ್ಪಿಲ್ಲ. ಎದುರುಮನೆ ಕಾಕು ನೆನಪಾಗಿದ್ದರು.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದ ನಮ್ಮ ಓಣಿಯಲ್ಲಿ ಅಕ್ಕಪಕ್ಕದ ಹೆಂಗಸರೆಲ್ಲ ನಮಗೆ ಕಾಕುಗಳೇ, ಅಂದರೆ ಚಿಕ್ಕಮ್ಮಂದಿರೇ. ಆದರೆ ಬರೀ 'ಕಾಕು' ಅಂದರೆ ಇವರೊಬ್ಬರೇ. ತವರು ಅಕ್ಕಲಕೋಟೆ. ಗಂಡನದು ಚಾದರ, ಟವೆಲುಗಳ ಅಂಗಡಿ. ಅಂಗಡಿಯ ಮೇಲಿನ ಕೋಣೆಯಲ್ಲಿ ಅದೇ ಗಂಜಿ ವಾಸನೆಯ ಮಾಲಿನ ಗಂಟುಗಳ ಮೇಲೆ ಪ್ರತಿ ಐತವಾರ ಬೆಳಿಗ್ಗೆ ನಾವು ಹತ್ತು ಹನ್ನೆರಡು ಮಕ್ಕಳು ಏರಿ ಕೂರುತ್ತಿದ್ದೆವು. ಮಗನ ತೊಟ್ಟಿಲು ತೂಗುತ್ತ ಕಾಕು ಕಥೆ ಹೇಳುತ್ತಿದ್ದರು. ರಶಿಯಾದ್ದು, ಜಪಾನಿನದು, ಆಫ್ರಿಕಾದ್ದು. ವಾಚನಾಲಯದಿಂದ ತಂದ ಪುಸ್ತಕ ಮರಾಠಿಯದು, ಬಾಯಿಂದ ಬರುವುದು ಅಚ್ಚ ಸೊಲ್ಲಾಪುರದ ಕನ್ನಡ. ರಶಿಯಾದ ರಾಜ ಶೇಂಗಾ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ. ನಾವ್ಯಾರೂ ಸಮುದ್ರ ಕಂಡವರಲ್ಲ. "ನಮ್ಮ ಕೆರಿಗೆ ಆಚಿ ದಂಡಿನ ಇಲ್ಲಂತ ತಿಳೀರಿ, ಅದ ಸಮುದ್ರ," ಅಂದಿದ್ದರು ಕಾಕು.

ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಹ್ಞೂಂಗುಡಬೇಕು, ಇಲ್ಲದಿದ್ದರೆ ನಿದ್ದೆ ಹೋದರು ಎಂದೇ ಲೆಕ್ಕ. ಕಾಕು ಅದನ್ನೇ ಒಂದು ಪಾಳಿ ಮಾಡಿದರು. ವಾರಕ್ಕೊಬ್ಬರೇ ಹ್ಞೂಂ ಅನ್ನಬೇಕು. ಕಥೆಯೊಳಗೆ ನಡೆದದ್ದು ಒಪ್ಪಿಗೆಯಾಗದಿದ್ದರೆ ಅನ್ನಬಾರದು. ಹ್ಞೂಂ ನಿಂತರೆ ಕಥೆಯೂ ನಿಂತಿತು. ಆಮೇಲೆ ಎಲ್ಲರೂ ಕೂಡಿ ವಾದ ಮಾಡಿ, ನಿಲ್ಲಿಸಿದವರನ್ನು ಒಪ್ಪಿಸಿದ ಮೇಲೆಯೇ ಮುಂದಿನ ಮಾತು. ಒಮ್ಮೆ ಮೊಲವೊಂದು ಆನೆಗೆ ಕೊಳೆತ ಗೆಣಸು ಮಾರಿದ್ದಕ್ಕೆ ಬೆಳಗಿನಿಂದ ಊಟದ ಹೊತ್ತಿನವರೆಗೆ ಜಗಳ. ಮಾಲು ಬಿಚ್ಚಿ ನೋಡದೆ ಕೊಂಡದ್ದು ಆನೆಯದೇ ತಪ್ಪು ಅಂತ ವ್ಯಾಪಾರಿಗಳ ಮಕ್ಕಳೆಲ್ಲ ಒಂದಾಗಿದ್ದೆವು! ಕಾಕು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

ನಾನಾಗ ಏಳನೇ ಇಯತ್ತೆ. ಆ ವಾರವೇ ಅಪ್ಪ, ಇವಳ ಶಾಲೆ ಇಷ್ಟಕ್ಕೇ ಸಾಕು, ಜೂನಿನಿಂದ ಮನೆಯಲ್ಲಿರಲಿ ಅಂದಿದ್ದ. ನಾನು ಯಾರಿಗೂ ಹೇಳಿರಲಿಲ್ಲ. ಐತವಾರ ಹ್ಞೂಂ ಅನ್ನುವ ಪಾಳಿ ನನ್ನದೇ ಬಂತು. ಚಳಿ ದೇಶದ ಒಬ್ಬ ಮೀನುಗಾರನ ಕಥೆ. ಬಿರುಗಾಳಿಗೆ ಸಿಕ್ಕು, ಮನೆ ಬಾಗಿಲಲ್ಲಿ ಮೊದಲು ಎದುರಾದವರನ್ನು ನಿನಗೆ ಕೊಡುತ್ತೇನೆ ಅಂತ ಸಮುದ್ರದ ರಾಜನಿಗೆ ಮಾತು ಕೊಡುತ್ತಾನೆ. ದಿನಾ ಓಡಿ ಬರುತ್ತಿದ್ದದ್ದು ನಾಯಿ. ಅಂದು ಬಂದದ್ದು ಮಗಳು. ಕೊಟ್ಟ ಮಾತಿಗಾಗಿ ಅಪ್ಪ ಅವಳ ಕೈ ಹಿಡಿದು ದಂಡೆಗೆ ಹೊರಟ...

ನಾನು ಹ್ಞೂಂ ಅನ್ನಲಿಲ್ಲ.

"ಯಾಕವ್ವಾ, ನಿಂತಿ?"

"ಮಾತ ಕೊಟ್ಟಾಂವ ಅಪ್ಪ, ನೀರಿಗಿಳ್ಯಾಕಿ ಮಗಳು. ಇದು ಯಾವ ನ್ಯಾಯರಿ ಕಾಕು?" ಅಂದವಳೇ ಗಳಗಳ ಅತ್ತುಬಿಟ್ಟೆ. ಶಾಲೆಯ ಸಂಗತಿಯೂ ಅಳುವಿನೊಡನೆ ಹೊರಬಿತ್ತು. ಕಾಕು ನನ್ನನ್ನು ಹತ್ತಿರ ಕೂರಿಸಿಕೊಂಡು, ಕಥೆ ಮುಂದಿನ ವಾರ ನೋಡೋಣ ಅಂದರು.

ಆ ಮುಂದಿನ ವಾರ ಬರಲೇ ಇಲ್ಲ. ನಡುವೆ ಒಂದು ದಿನ ಮನೆಗೆ ಬೀಗರೊಬ್ಬರು ಬಂದಿದ್ದರು. ಅವರೆದುರು ಅಪ್ಪ, "ಇಕಿಗೆ ಸಾಲಿ ಸಾಕಾಗೇದ್ರಿ, ಹೌದಿಲ್ಲೊ?" ಅಂತ ನನ್ನ ಕಡೆ ನೋಡಿದ. ನಾನು ತುಟಿ ಬಿಚ್ಚಲಿಲ್ಲ. ಮತ್ತೆ ಕೇಳಿದ, ಆಗಲೂ ಇಲ್ಲ. ಬೀಗರು ಹೋದ ಮೇಲೆ ಕೆಂಡಾಮಂಡಲವಾಗಿ, "ಯಾರು ಕಲಿಸಿದ್ರ ನಿನಗಿದನ್ನ?" ಅಂತ ಗದರಿದ. ನಾನು ದಡ್ಡಿ. ತಲೆ ಎತ್ತಿ, ಜಂಬದಿಂದ ಹೇಳಿದೆ:

"ಕಾಕು. ಒಪ್ಪಿಗಿ ಇಲ್ಲಂದ್ರ ಹ್ಞೂಂ ಅನಬಾರದಂತ."

ಅಪ್ಪ ಅಂದೇ ಎದುರುಮನೆಗೆ ಹೋಗಿ ಕಾಕುವಿನ ಗಂಡನೊಡನೆ ಜಗಳವಾಡಿ ಬಂದ. ಮರುದಿನ ಮಧ್ಯಾಹ್ನ ಕಾಕು ತಾವೇ ಬಂದರು. ನಾನು ಅಡುಗೆಮನೆ ಬಾಗಿಲ ಹಿಂದೆ. ತಲೆಯ ಮೇಲೆ ಸೆರಗು, ಕೂರು ಅಂದರೂ ಕೂರಲಿಲ್ಲ.

"ಅಣ್ಣಾರ, ಐತವಾರದ್ದು ಬಂದ್ ಮಾಡ್ತೀನ್ರಿ. ಇನ್ನ ಯಾವ ಮಕ್ಕಳಿಗೂ ನಾ ಕಥಿ ಹೇಳಂಗಿಲ್ಲ. ಆದ್ರ ಹುಡುಗೀನ ಸಾಲಿ ಬಿಡಸಬ್ಯಾಡ್ರಿ."

ಅಪ್ಪ, "ಮಾತಿಗೆ ತಪ್ಪಂಗಿಲ್ಲಲ್ಲ?" ಅಂದ.

"ಇಲ್ಲರಿ. ನೀವೂ ತಪ್ಪಬ್ಯಾಡ್ರಿ."

ಜೂನಿನಲ್ಲಿ ಹೊಸ ಯೂನಿಫಾರ್ಮ್ ತೊಟ್ಟು ಎಂಟನೇ ಇಯತ್ತೆಗೆ ಹೋದೆ. ಮೇಲಿನ ಕೋಣೆಗೆ ಬೀಗ ಯಾಕೆ ಅಂತ ಗೆಳತಿಯರು ಕೇಳಿದರೆ, ನನಗೇನು ಗೊತ್ತು ಅಂದೆ. ನಾಚಿಕೆಗೇಡಿ! ಕಾಕು ಮಹಡಿಯ ಗ್ಯಾಲರಿಯಲ್ಲಿ ನಿಂತು, "ಅಭ್ಯಾಸ ಹೆಂಗ ನಡದದವ್ವಾ?" ಅಂತ ಕೇಳುತ್ತಿದ್ದರು. "ಛಲೋ ಅದರಿ," ಅಂದು ಓಡುತ್ತಿದ್ದೆ, ಅವರ ಮುಖ ನೋಡುವ ಧೈರ್ಯವಿಲ್ಲದೆ. ಎರಡು ವರ್ಷಕ್ಕೆ ಅವರು ಅಂಗಡಿ ಮುಚ್ಚಿ ಅಕ್ಕಲಕೋಟೆಗೆ ಹೋದರು. ನಾನು ಕಲಿತೆ, ಶಿಕ್ಷಕಿಯಾದೆ, ಊರ ಮಕ್ಕಳಿಗೆಲ್ಲ ಕಥೆ ಹೇಳಿದೆ. ಅಕ್ಕಲಕೋಟೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಈ ದೀಪಾವಳಿಗೆ ಹೋಗೋಣ, ಬರುವ ಬೇಸಿಗೆಗೆ ಹೋಗೋಣ... ಹೀಗೇ.

ಹೋದ ತಿಂಗಳು, ಟವೆಲ್ ತಂದ ಮೂರನೇ ದಿನ, ಹೋದೆ. ಬಾಗಿಲು ತೆರೆದದ್ದು ಸೊಸೆ. ಕಾಕು ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ನೀರು ಕೊಟ್ಟಳು, ಚಹಾ ಮಾಡಿದಳು. ನಾನು ಅಳುತ್ತಲೇ, ಎಂಥೆಂಥ ಕಥೆ ಹೇಳುತ್ತಿದ್ದರು ನಿಮ್ಮ ಅತ್ತೆ, ರಶಿಯಾದ್ದು, ಜಪಾನಿನದು ಅಂದೆ. ಅವಳು ಬೇರೆ ಯಾರದೋ ಮಾತು ಕೇಳಿದವಳ ಹಾಗೆ ನನ್ನನ್ನೇ ನೋಡಿದಳು.

"ನಮ್ಮ ಅತ್ತ್ಯಾರಿಗೆ ಕಥಿ ಬರ್ತಿದ್ವೇನ್ರಿ? ನನ್ನ ಮಕ್ಕಳು ಸೆರಗ ಹಿಡದು ಕಾಡ್ತಿದ್ರು. ನಂಗ ಬರಂಗಿಲ್ಲಪ್ಪಾ ಅಂತಿದ್ರು. ಒಂದರೆ ಹೇಳ್ಲಿಲ್ಲರಿ."

ಆ ಮಕ್ಕಳು ಹುಟ್ಟುವ ಮೊದಲೇ ನಮ್ಮಪ್ಪ ಸತ್ತಿದ್ದ. ಕಾಕು ಅವನಿಗೆ ಕೊಟ್ಟ ಆ ಮಾತಿಗೆ ಸಾಕ್ಷಿಯಾಗಿ ಉಳಿದಿದ್ದವಳು ನಾನೊಬ್ಬಳೇ. ಸಾಕು ಕಾಕು, ಇನ್ನು ಹೇಳ್ರಿ ಅಂತ ಬಂದು ಒಂದು ಮಾತು ಅನ್ನಬಹುದಾಗಿದ್ದವಳೂ ನಾನೊಬ್ಬಳೇ. ಅನ್ನಲಿಲ್ಲ. ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಅಂತ ಕೇಳಿದೆ. ದೊಡ್ಡವನು ಪುಣೆಯಲ್ಲಿ ಕೆಲಸಕ್ಕಿದ್ದಾನೆ, ಸಣ್ಣವಳ ಮದುವೆ ಆಯಿತು ಅಂದಳು ಸೊಸೆ.