ಮಾವ ಎತ್ತುವ ಕಡೆ

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಮಾತೂ ಅಷ್ಟಾಗಿ ಬರುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು. ನನ್ನ ಸೋದರಮಾವ ಮನೆಗಳಿಗೆ ಮಾಡು, ಅಂದರೆ ಸೂರು, ಕಟ್ಟುವ ಬಡಗಿ, ಅದೂ ಒಂದೇ ಕಡೆಗೆ ಇಳಿಯುವ ಮಾಡು ಮಾತ್ರ. "ಎರಡೂ ಕಡೆ ಇಳಿಸೋದು ಮನಸ್ಸು ಗಟ್ಟಿ ಇಲ್ಲದೋರ ಕೆಲ್ಸ" ಎನ್ನುತ್ತಾನೆ. ಅವನ ಟೋಪಿ ಒಂದು ಕಡೆಗೆ ವಾಲಿರುತ್ತದೆ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇರುತ್ತದೆ, ಊಟದ ತಟ್ಟೆಯನ್ನೂ ಓರೆ ಮಾಡಿಕೊಂಡೇ ಉಣ್ಣುತ್ತಾನೆ. ಕಟ್ಟಿ ಮುಗಿಸಿದ ಮಾಡಿನ ಮೇಲೆ ಒಂದು ಚೊಂಬು ನೀರು ಸುರಿದು, ಏಣಿಯ ಮೇಲಿಂದಲೇ "ಹೋಗು ಕಂದ, ನಿಧಾನಕ್ಕೆ ಹೋಗು" ಎಂದು ಆ ನೀರನ್ನು ಬೀಳ್ಕೊಡುತ್ತಾನೆ. ಯಾರೇ ಕೆಲಸಕ್ಕೆ ಕರೆದರೂ ಅವನು ಮೊದಲು ಕೇಳುವುದು, "ಹಗಲೆಲ್ಲ ಮನೇಲಿ ಕೂರೋರು ಯಾರು?" ಎಂದು. ಎತ್ತರದ ಗೋಡೆ, ಅದರ ದೊಡ್ಡ ಕಿಟಕಿ, ಎರಡೂ ಅವರ ಕಡೆಗೇ. ನಮ್ಮ ಕೋಣೆಯ ಮಾಡು ಬದಲಿಸುವಾಗ ಅಮ್ಮ, "ಎತ್ತರ ಬೀದಿ ಕಡೆ ಇರ್ಲಿ ಕಣೋ, ನೋಡೋರಿಗೆ ಚೆಂದ" ಎಂದಳು. "ನೋಡೋರು ಒಳಗೆ ಬಂದು ಕೂರ್ತಾರೇನಕ್ಕ?" ಎಂದ ಮಾವ, ಹಿತ್ತಿಲ ಕಡೆಯನ್ನೇ ಎತ್ತಿಬಿಟ್ಟ. ಅಲ್ಲಿನ ಕತ್ತಲೆ ಮೂಲೆಯಲ್ಲಿ ಶಾಲೆ ಬಿಟ್ಟಂದಿನಿಂದ ಕೂರುತ್ತಿದ್ದವಳು ನಾನು. ಈಗ ಅಲ್ಲಿ ನೆಲದವರೆಗೂ ಬೆಳಕು. ಮೇಜನ್ನು ಆ ಕಿಟಕಿಯ ಕೆಳಗೆ ಎಳೆದುಕೊಂಡು, ಇದನ್ನೇ ಮೊದಲಿನಿಂದ ದುಂಡಗೆ ಬರೆಯುತ್ತೇನೆ.